ಅರಮನೆಗೊಂದು ಚಮಚ ಹೆಪ್ಪು

ಆಳೆತ್ತರದ ಹೊಸ ಹಂಡೆ ಅರಮನೆಗೆ ಬಂದ ದಿನ ಕಲ್ಲುಕೋಟೆಯ ದೊರೆ ಭೂಪಾಲನಾಯಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಇನ್ನು ರಾಜ್ಯಕ್ಕೆಲ್ಲ ಒಂದೇ ಮೊಸರು, ಅರಮನೆಯ ಮೊಸರು! ಹಾಲೆಲ್ಲ ಇಲ್ಲಿಗೇ ಬರಲಿ. ಎರಡು ಎಮ್ಮೆ, ನಾಲ್ಕು ಗಡಿಗೆ ಇಟ್ಟುಕೊಂಡು ಬೀದಿಯಲ್ಲಿ ಕೂಗುವವರು ಯಾರಿಗೆ ಬೇಕು? ಯಾರ ಮನೆಯಲ್ಲಾದರೂ ಮೊಸರು ಕಂಡರೆ ಇಪ್ಪತ್ತು ಛಡಿಯೇಟು!”

ಸಭೆ ಭಲೇ ಎಂದಿತು. ಆಸ್ಥಾನದ ವಿದೂಷಕ ಸೂರಪ್ಪ ಮಾತ್ರ ಗಡ್ಡ ಕೆರೆದುಕೊಂಡ.

ಸಂಜೆ ಅವನ ಮನೆಗೆ ದುಂಡಮ್ಮ ಬಂದಳು. ಎರಡು ಎಮ್ಮೆಯ ಮೊಸರು ಮಾರಿ ಮೂವರು ಮೊಮ್ಮಕ್ಕಳನ್ನು ಸಾಕುತ್ತಿದ್ದ ಹೆಂಗಸು.

“ಎಮ್ಮೆ ಮಾರ್ಬುಡ್ಲಾ ಸ್ವಾಮಿ?”

“ಬೇಡ ದುಂಡಮ್ಮ. ಗಡಿಗೆ ಸಮೇತ ಹಳ್ಳದಾಚೆ ನಿನ್ನ ತಂಗಿ ಮನೆಗೆ ಹೋಗು. ಅದು ಪಕ್ಕದ ರಾಜ್ಯ. ಹದಿನೈದು ದಿನ ಸಾಕು.”

ಒಂದು ವಾರ ಕಳೆಯಿತು. ಸೂರಪ್ಪ ಸೂತಕದ ಮುಖ ಮಾಡಿಕೊಂಡು ದೊರೆಯ ಮುಂದೆ ನಿಂತ.

“ಹೇಳಬಾರದು ಪ್ರಭು. ಅಡುಗೆಯವರು ದಿನಾ ನಿನ್ನೆಯ ಮೊಸರು ಎತ್ತಿಟ್ಟು ಇವತ್ತಿನ ಹಾಲಿಗೆ ಬೆರೆಸುತ್ತಿದ್ದಾರೆ.”

“ಹಳಸಲು ಬೆರೆಸುವುದೇ? ನನ್ನ ಹಂಡೆಗೆ?” ದೊರೆಗೆ ಮೊಸರು ತಿನ್ನಲು ಗೊತ್ತಿತ್ತು, ಅಷ್ಟೇ. “ಇದ್ದಬದ್ದದ್ದೆಲ್ಲ ಚೆಲ್ಲಿ ಹಂಡೆ ಬೆಳಗಿ!”

ಹಿರಿಯ ಬಾಣಸಿಗ ಬಾಯಿ ತೆರೆದ. ದೊರೆಯ ಕಣ್ಣು ನೋಡಿ ಮುಚ್ಚಿದ.

ಮರುದಿನ ಹಂಡೆಯಲ್ಲಿ ಹಾಲಿತ್ತು. ಅದರ ಮರುದಿನ ವಾಸನೆ ಇತ್ತು. ಹೊಸ ಹಾಲಿಗೆ ಹುಣಸೆ ಹಿಂಡಿದರು, ಒಡೆಯಿತು. ಮೆಣಸಿನಕಾಯಿ ತೊಟ್ಟು ಹಾಕಿದರು, ತೊಟ್ಟು ತೇಲಿತು. ಹೆಪ್ಪಿಗಾಗಿ ಊರೂರು ಜಾಲಾಡಿದರು. ಪ್ರಜೆಗಳು ಭಾರಿ ವಿಧೇಯರು, ಯಾರ ಮನೆಯಲ್ಲೂ ಒಂದು ತೊಟ್ಟು ಮೊಸರಿಲ್ಲ. ಸಾಲದ್ದಕ್ಕೆ ನಾಳೆ ಊಟಕ್ಕೆ ಬರುವವರು ದೊರೆಯ ಮಾವ, ಮೊಸರನ್ನವಿಲ್ಲದೆ ಎಲೆಯಿಂದ ಏಳದ ಮನುಷ್ಯ. ಪಕ್ಕದ ರಾಜನನ್ನು ಕೇಳೋಣವೆಂದರೆ ಮಾನ ಹೋಗುತ್ತದೆ.

“ಹಳ್ಳದಾಚೆ ನಮ್ಮವಳೇ ಒಬ್ಬಳಿದ್ದಾಳೆ,” ಎಂದ ಸೂರಪ್ಪ. “ಆದರೆ ಹೆಪ್ಪಿಗೆ ಆಳು ಕಳಿಸುವ ಪದ್ಧತಿ ಇಲ್ಲ, ಪ್ರಭು. ಮನೆಯವರೇ ಬಟ್ಟಲು ಹಿಡಿದು ಹೋಗಬೇಕು.”

ದೊರೆ ಬೆಳ್ಳಿ ಬಟ್ಟಲು ಹಿಡಿದು ಸೂರಪ್ಪನೊಂದಿಗೆ ಹಳ್ಳ ದಾಟಿದ. ಪಂಚೆ ಮೊಣಕಾಲವರೆಗೆ ನೆನೆದಿತ್ತು.

“ಒಂದು ಚಮಚಕ್ಕೆ ನೂರು ವರಹ ಕೊಡುತ್ತೇನೆ,” ಎಂದ.

“ಹೆಪ್ಪು ಯಾರೂ ಮಾರಲ್ಲ ಬುದ್ಧಿ,” ಎಂದಳು ದುಂಡಮ್ಮ. “ನೆರೆಮನೆಯೋರ್ಗೆ ಸುಮ್ನೆ ಕೊಡ್ತೀವಿ. ನೀವು ನಂಗೆ ನೆರೆಮನೆಯೋರಾ?”

ದೊರೆಗೆ ನಿಜಕ್ಕೂ ನಾಚಿಕೆಯಾಯಿತು. ಅಲ್ಲೇ ನಿಂತು ಆಜ್ಞೆ ಹಿಂತೆಗೆದುಕೊಂಡ. ದುಂಡಮ್ಮ ಚಮಚ ತುಂಬ ಹೆಪ್ಪು ಹಾಕಿದಳು. ಮೊಮ್ಮಕ್ಕಳನ್ನು ಕರೆದು, ಎಮ್ಮೆ ಹೊಡೆದುಕೊಂಡು ದೊರೆಯ ಹಿಂದೆಯೇ ಊರಿಗೆ ಹೊರಟಳು.

ದಾರಿಯಲ್ಲಿ ದೊರೆ ಬಹಳ ಯೋಚಿಸಿ ಕೇಳಿದ: “ಸೂರಪ್ಪ, ಮತ್ತೆ ಹೀಗಾಗದಂತೆ ಇನ್ನೂ ದೊಡ್ಡ ಹಂಡೆ ಮಾಡಿಸಿದರೆ ಹೇಗೆ?”

“ಅಗತ್ಯವಾಗಿ ಮಾಡಿಸಿ ಪ್ರಭು. ಅದರಲ್ಲಿ ಮೊಸರು ಕೆಟ್ಟ ದಿನ ಇನ್ನೂ ದೊಡ್ಡ ಬಟ್ಟಲು ಹಿಡಿದು ದುಂಡಮ್ಮನ ಬಾಗಿಲಿಗೆ ಬಂದರಾಯಿತು.”