ಬಾಗಿನದ ಮಡಕೆ

“ಸಿಸ್ಟರ್, ನಮ್ಮದು ಹೆಸರಿರುವ ಮನೆತನ. ನಮ್ಮ ಮಾವನವರ ಅಜ್ಜ ಈ ಊರಿನ ಹೆಣ್ಣುಮಕ್ಕಳ ಶಾಲೆಗೆ ಜಾಗ ಬರೆದುಕೊಟ್ಟವರು. ನಮ್ಮ ತಂದೆ ನ್ಯಾಯಾಧೀಶರಾಗಿದ್ದರು. ಅವರ ನಡತೆಯ ಬಗ್ಗೆ ಯಾರೂ ಒಂದು ಮಾತು ಆಡಿದ್ದಿಲ್ಲ. ಅಂಥ ಮನೆಯವಳು ಬರೆದ ಪುಸ್ತಕವನ್ನು ತುಂಬಿದ ಸಭೆಯಲ್ಲಿ ಹೀಗಳೆದರೆ ಸುಮ್ಮನಿರಬೇಕೆ?”

ಇಂದಿರಮ್ಮಣ್ಣಿ ಹೀಗೆ ಕೇಳಿದ್ದು ತಾನು ಓದಿದ ಕಾನ್ವೆಂಟಿನ ಹಿಂದಿನ ಜಗಲಿಯಲ್ಲಿ. ಕೇಳಿದ್ದು ಸಿಸ್ಟರ್ ಒಡಿಲಿಯಾ ಅವರನ್ನು. ಅವರು ಅವಳಿಗೆ ಕನ್ನಡ ಕಲಿಸಿದವರು. ಈಗ ಅವರಿಗೆ ತುಂಬ ವಯಸ್ಸಾಗಿತ್ತು. ಪಾಠ ಹೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಆದರೂ ಹಳೆಯ ವಿದ್ಯಾರ್ಥಿನಿಯರು ಬಂದು ಪ್ರಶ್ನೆ ಕೇಳುವುದು ನಿಂತಿರಲಿಲ್ಲ.

“ಯಾರು ಹೀಗಳೆದವರು?” ಎಂದರು ಸಿಸ್ಟರ್.

“ತಾರಾಮತಿ. ನಿಮ್ಮ ತಾರಾಮತಿಯೇ. ನನ್ನ ಪಕ್ಕದಲ್ಲೇ ಕೂರುತ್ತಿದ್ದವಳು.”

“ಏನೆಂದಳು?”

ಇಂದಿರಮ್ಮಣ್ಣಿಗೆ ಆ ಮಾತು ಬಾಯಿಪಾಠವಾಗಿತ್ತು. “ಮಹಿಳಾ ಸಮಾಜದಲ್ಲಿ ಎಲ್ಲರೂ ಹೊಗಳುತ್ತಿದ್ದರು. ಇವಳು ಎದ್ದು ನಿಂತು, ‘ಇಂದೂ, ನಿನ್ನ ಕಾದಂಬರಿಯಲ್ಲಿ ಎಲ್ಲರೂ ಇಸ್ತ್ರಿ ಮಾಡಿದ ಸೀರೆ ಉಟ್ಟು ಕೂತಿದ್ದಾರೆ. ನಾಯಕಿ ಪುಟಗಟ್ಟಲೆ ಅಳುತ್ತಾಳೆ, ಕಣ್ಣಿನ ಕಾಡಿಗೆ ಮಾತ್ರ ಕದಡುವುದಿಲ್ಲ’ ಎಂದಳು. ಎಲ್ಲರೂ ನಕ್ಕರು, ಸಿಸ್ಟರ್. ಅದುವರೆಗೆ ಹೊಗಳಿದವರೇ ನಕ್ಕರು.”

“ನೀನು ಏನೆಂದೆ?”

“ಪುಸ್ತಕ ಬರೆಯಲು ಸಂಸ್ಕಾರ ಬೇಕು, ಓದಲೂ ಸಂಸ್ಕಾರ ಬೇಕು, ನಿನಗೆ ಅದಿಲ್ಲ ಎಂದೆ. ಮರುದಿನ ಡ್ರೈವರನ್ನು ಕಳಿಸಿ ಅವಳಿಗೆ ಕೊಟ್ಟ ಪ್ರತಿಯನ್ನು ವಾಪಸ್ ತರಿಸಿಕೊಂಡೆ.”

ಕಾದಂಬರಿ ಅಚ್ಚಾದ ಕತೆ ಸಿಸ್ಟರ್‌ಗೆ ಗೊತ್ತಿತ್ತು. ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದಾಗ, ಇಂದಿರಮ್ಮಣ್ಣಿ ಮಾವನವರ ಹೆಸರಿನಲ್ಲಿ ಪ್ರಕಾಶನವನ್ನು ತಾನೇ ಆರಂಭಿಸಿ ಅಚ್ಚು ಹಾಕಿಸಿದ್ದಳು. ಅಂಗಡಿಗೆ ಒಂದು ಪ್ರತಿಯನ್ನೂ ಕಳಿಸಲಿಲ್ಲ. ಮನೆಗೆ ಬಂದವರಿಗೆ, ಮದುವೆ ನಾಮಕರಣಗಳಲ್ಲಿ ಎದುರಾದವರಿಗೆ, ಸಹಿ ಹಾಕಿ ತಾಂಬೂಲದೊಡನೆ ಕೊಟ್ಟಳು. ಕಾನ್ವೆಂಟಿಗೂ ಒಂದು ಪ್ರತಿ ಬಂದಿತ್ತು. ಉಳಿದವು ಅವಳ ಮನೆಯ ಅತಿಥಿಗಳ ಕೋಣೆಯಲ್ಲಿ ಕಟ್ಟು ಬಿಚ್ಚದೆ ಕೂತಿದ್ದವು.

“ನನಗೆ ಸಾಕಾಗಿದೆ, ಸಿಸ್ಟರ್,” ಎಂದಳು ಇಂದಿರಮ್ಮಣ್ಣಿ. “ಎರಡನೆಯದನ್ನು ಅರ್ಧ ಬರೆದಿದ್ದೇನೆ. ಈಗ ಪೆನ್ನು ಹಿಡಿದರೆ ಅವಳ ಮಾತೇ ಕೇಳಿಸುತ್ತದೆ. ಇನ್ನು ಬರೆಯುವುದನ್ನೇ ಬಿಟ್ಟುಬಿಡಲೇ? ಅಥವಾ ಇಂಥವರ ಮಾತಿಗೆ ಕಿವುಡಾಗಿ ಬರೆಯಲೇ? ಅದನ್ನು ಹೇಳಿ.”

ಸಿಸ್ಟರ್ ತಮ್ಮ ಮಂಡಿ ನೀವಿಕೊಳ್ಳುತ್ತ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನ ಹೆಂಡತಿಗೆ ಮಡಕೆ ಮಾಡುವ ಆಸೆ ಹುಟ್ಟಿತು. ಮಾಡಿ ಕುಂಬಾರನ ಬಳಿ ಒಯ್ದಳು. ಕುಂಬಾರ ಅವುಗಳನ್ನು ತನ್ನ ಆವಿಗೆಯಲ್ಲಿಟ್ಟು ಸುಡಲು ಒಪ್ಪಲಿಲ್ಲ. “ಮಣ್ಣು ಇನ್ನೂ ಹದಕ್ಕೆ ಬಂದಿಲ್ಲ, ತಾಯಿ. ಇನ್ನಷ್ಟು ದಿನ ತುಳಿಯಿರಿ,” ಎಂದ. ಅವಳು ಮನೆಯ ಹಿತ್ತಲಿನಲ್ಲಿ ಸ್ವಂತ ಆವಿಗೆ ಕಟ್ಟಿಸಿ, ತಾನೇ ಬೆಂಕಿ ಹಾಕಿ, ತಾನೇ ಸುಟ್ಟಳು. ಅದರಲ್ಲಿ ತಪ್ಪೇನೂ ಇಲ್ಲ.

ಆ ಊರಿನವರು ಮಡಕೆ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ಬಾರಿಸಿ ನೋಡುತ್ತಿದ್ದರು. ಚೆನ್ನಾಗಿ ಬೆಂದ ಮಡಕೆ ಠಣ್ ಎನ್ನುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಡಬ್ ಎನ್ನುತ್ತದೆ. ಕುಂಬಾರನ ಎದುರಿಗೇ ಬಾರಿಸುತ್ತಿದ್ದರು. ಅವನು ಬೇಸರಪಡುತ್ತಿರಲಿಲ್ಲ. ಆದರೆ ಬಾಗಿನವಾಗಿ ಬಂದ ಮಡಕೆಯನ್ನು ಯಾರೂ ಬಾರಿಸುತ್ತಿರಲಿಲ್ಲ. ಅರಿಸಿನ ಕುಂಕುಮದೊಡನೆ ಕೈಗೆ ಬಂದದ್ದನ್ನು ಪರೀಕ್ಷಿಸುವುದು ಮರ್ಯಾದೆಯಲ್ಲ.

ವರ್ತಕನ ಹೆಂಡತಿ ಸಂತೆಯಲ್ಲಿ ಕೂರುವುದು ತನಗೆ ತಕ್ಕದ್ದಲ್ಲವೆಂದು ಬಗೆದಳು. ಮಡಕೆಗಳಿಗೆ ಬಣ್ಣ ಬಳಿದು, ಒಳಗೆ ಅಕ್ಕಿ ಬೆಲ್ಲ ತುಂಬಿ, ಊರಿನ ಮುತ್ತೈದೆಯರನ್ನು ಕರೆದು ಬಾಗಿನ ಕೊಟ್ಟಳು.

“ಎಂಥ ಕೈ ನಿಮ್ಮದು!” ಎಂದಳು ಒಬ್ಬಳು.

“ಕುಂಬಾರ ಇನ್ನು ಬೇರೆ ಕಸುಬು ನೋಡಿಕೊಳ್ಳಲಿ, ಬಿಡಿ,” ಎಂದಳು ಇನ್ನೊಬ್ಬಳು.

“ಇದರಲ್ಲಿ ನೀರು ತುಂಬಲು ಮನಸ್ಸಾದರೂ ಹೇಗೆ ಬಂದೀತು!” ಎಂದಳು ಮತ್ತೊಬ್ಬಳು.

ಆ ಸಾಲಿನಲ್ಲಿ ಅವಳ ಸೋದರತ್ತೆಯೂ ಇದ್ದಳು. ಅತ್ತೆ ಬಾಗಿನ ತೆಗೆದುಕೊಂಡು, ಅಕ್ಕಿ ಬೆಲ್ಲವನ್ನು ಸೆರಗಿಗೆ ಸುರಿದುಕೊಂಡು, ಮಡಕೆಯನ್ನು ಕಿವಿಯ ಬಳಿ ಹಿಡಿದು ಬಾರಿಸಿದಳು. ಡಬ್ ಎಂದಿತು. ನಡುಮನೆಯಲ್ಲಿದ್ದವರಿಗೆಲ್ಲ ಕೇಳಿಸಿತು.

“ಇದರಲ್ಲಿ ನೀರು ನಿಲ್ಲುವುದಿಲ್ಲ ಕಣೇ,” ಎಂದಳು ಅತ್ತೆ.

ವರ್ತಕನ ಹೆಂಡತಿಯ ಮುಖ ಕೆಂಪಾಯಿತು. “ಬಾಗಿನ ಬಾರಿಸುವುದನ್ನು ಇವತ್ತೇ ಕಂಡೆ, ಅತ್ತೆ. ಯಾವ ಮನೆಯಲ್ಲಿ ಬೆಳೆದಿರಿ ನೀವು?”

“ನೀನು ಬೆಳೆದ ಮನೆಯಲ್ಲೇ,” ಎಂದಳು ಅತ್ತೆ.

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅಂದಿನಿಂದ ಅತ್ತೆಗೆ ಆ ಮನೆಯಿಂದ ಕರೆ ಹೋಗಲಿಲ್ಲ. ವರ್ತಕನ ಹೆಂಡತಿ ಮಣ್ಣು ಮುಟ್ಟುವುದನ್ನೂ ಬಿಟ್ಟಳು. ಆವಿಗೆಯಲ್ಲಿ ಬೂದಿ ಹಾಗೆಯೇ ಉಳಿಯಿತು.

ಬೇಸಿಗೆ ಬಂತು. ಅರಿಸಿನ ಕುಂಕುಮಕ್ಕೆ ಕರೆದವರ ಮನೆಗೆ ಅವಳು ಹೋದಳು. ಮೊದಲನೆಯ ಮನೆಯವರು ನೀರು ಕೊಟ್ಟರು. ಅದು ಸಂತೆಯ ಮಡಕೆಯ ನೀರು. ಅವಳ ಮಡಕೆ ಅಟ್ಟದ ಮೇಲೆ, ಹುಣಸೆಹಣ್ಣು ತುಂಬಿಕೊಂಡು ಕೂತಿತ್ತು. ಇನ್ನೊಂದು ಮನೆಯಲ್ಲಿ ಅದರೊಳಗೆ ಒಲೆಯ ಬೂದಿಯಿತ್ತು. ಮತ್ತೊಂದು ಮನೆಯವರು ಅದಕ್ಕೆ ಸುಣ್ಣದಲ್ಲಿ ಕಣ್ಣು ಮೀಸೆ ಬರೆದು, ದೃಷ್ಟಿ ತಾಗದಿರಲೆಂದು ಹೊಲದಲ್ಲಿ ಕೋಲಿಗೆ ಸಿಕ್ಕಿಸಿದ್ದರು. “ನಿಮ್ಮ ಮಡಕೆ ನಿಲ್ಲಿಸಿದ ಮೇಲೆ ಒಂದು ಕಾಗೆಯೂ ಬಂದಿಲ್ಲ ನೋಡಿ,” ಎಂದು ಆ ಮನೆಯವಳು ಸಂತೋಷದಿಂದ ತೋರಿಸಿದಳು. ಯಾವ ಮನೆಯಲ್ಲಿಯೂ ಯಾರೂ ಅವಳ ಮಡಕೆಯಲ್ಲಿ ನೀರು ತುಂಬಿರಲಿಲ್ಲ. ತುಂಬಿ ನೋಡಿಯೂ ಇರಲಿಲ್ಲ. ಮಡಕೆ ಸೋರುತ್ತದೆಯೋ ಇಲ್ಲವೋ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಅವಳಿಗೆ ದಣಿವಾಯಿತು. ಮನೆಗೆ ಮರಳುವ ದಾರಿಯಲ್ಲಿ ಅತ್ತೆಯ ಮನೆಯಿತ್ತು. ಬಿಸಿಲಿಗೆ ಬಾಯಿ ಒಣಗಿತ್ತು. ಹೊಸ್ತಿಲಲ್ಲಿ ನಿಂತಳು. ಅತ್ತೆ ಏನೂ ಕೇಳದೆ ನೀರು ತಂದುಕೊಟ್ಟಳು. ಅದೂ ಸಂತೆಯ ಮಡಕೆಯದೇ.

“ನನ್ನ ಮಡಕೆ ಏನಾಯಿತು?” ಎಂದಳು ಅವಳು.

“ಒಂದು ವಾರ ನೀರು ತುಂಬಿ ನೋಡಿದೆ. ಬಿರುಕಿಗೆ ಮೇಣ ಮೆತ್ತಿದೆ, ಹಿಟ್ಟು ಮೆತ್ತಿದೆ. ನಿಲ್ಲಲಿಲ್ಲ. ನೆಲವೆಲ್ಲ ಒದ್ದೆ. ನಿನ್ನ ಮಾವ ಜಾರಿ ಬಿದ್ದು ಇನ್ನೂ ಬೈಯುತ್ತಿದ್ದಾರೆ.”

“ಅಷ್ಟು ಜನರ ಮುಂದೆ ಬಾರಿಸಬೇಕಿತ್ತೇ?”

“ಬಾರಿಸಬಾರದಿತ್ತು. ಮನೆಗೆ ತಂದು ಬಾರಿಸಬೇಕಿತ್ತು. ಕೈ ತಡೆಯಲಿಲ್ಲ. ನೀರು ತುಂಬುವ ಮಡಕೆಯಲ್ಲವೇ, ನೋಡಿಬಿಡೋಣ ಅನ್ನಿಸಿತು. ಅಟ್ಟಕ್ಕೆ ಎಸೆಯುವುದಾಗಿದ್ದರೆ ನಾನೂ ‘ಎಂಥ ಕೈ ನಿಮ್ಮದು!’ ಎಂದು ಹೇಳಿ ಬರುತ್ತಿದ್ದೆ.”

ಕತೆ ಅಲ್ಲಿಗೆ ನಿಂತಿತು.

ಇಂದಿರಮ್ಮಣ್ಣಿ ಬೆನ್ನು ನೆಟ್ಟಗೆ ಮಾಡಿಕೊಂಡಳು.

“ಅತ್ತೆಯೇ ತಪ್ಪು ಒಪ್ಪಿಕೊಂಡಳಲ್ಲ, ಸಿಸ್ಟರ್. ಜನರ ಮುಂದೆ ಬಾರಿಸಬಾರದಿತ್ತು ಎಂದು.”

“ಒಪ್ಪಿಕೊಂಡಳು. ಅದು ಅವಳ ಪಾಲಿನದು.”

“ಹಾಗಾದರೆ ನನ್ನ ಕಾದಂಬರಿಯೂ ಒಡಕೆಂದು ನಿಮ್ಮ ಅಭಿಪ್ರಾಯವೇ? ತಾರಾಮತಿ ಹೇಳಿದ್ದಿರಲಿ. ನೀವು ಅದನ್ನು ಓದಿದ್ದೀರಾ?”

“ಓದಿದ್ದೇನೆ. ಕೊನೆಯ ಪುಟದವರೆಗೆ.”

“ಓದಿ ನಿಮಗೆ ಏನನ್ನಿಸಿತು? ಮುಚ್ಚುಮರೆಯಿಲ್ಲದೆ ಹೇಳಿ.”

ಸಿಸ್ಟರ್ ಒಡಿಲಿಯಾ ಅವಳ ಮುಖ ನೋಡಿ ಹೇಳಿದರು: “ನೀನು ತಾರಾಮತಿಯ ಕ್ಷಮೆ ಕೇಳಬೇಕು.”