ಬ್ರೇಕ್ ಪೈಪಿನ ಉದ್ಘಾಟನೆ

ಕಾರವಾರದಲ್ಲಿ ರಾಯ್ಕರ್ ಸಾಹೇಬರು ಉದ್ಘಾಟಿಸದ ಅಂಗಡಿಯಿಲ್ಲ. ಟೇಪು ಕಂಡರೆ ಸಾಕು, ಅವರ ಕೈ ತಾನಾಗಿಯೇ ಕತ್ತರಿ ಹುಡುಕುತ್ತಿತ್ತು. ಅಂಥವರು ಹಳೇ ಕಾರಿನ ಚಕ್ರಗಳಿಗೆ ಬ್ರೇಕ್ ಎಣ್ಣೆ ಹರಿಯುವ ಹೊಸ ರಬ್ಬರ್ ಹೋಸು ಹಾಕಿಸಲು ಮೆಕ್ಯಾನಿಕ್ ವಿಠೋಬನಲ್ಲಿಗೆ ಬಂದರು.

ವಿಠೋಬ ಮುಂದಿನ ಚಕ್ರ ಬಿಚ್ಚಿ ಇಣುಕಿದ. ಹೋಸು ಸೇರುವ ಕಬ್ಬಿಣದ ಪೈಪು ಕಡಲ ಗಾಳಿಗೆ ತುಕ್ಕು ಹಿಡಿದು ಹಪ್ಪಳವಾಗಿತ್ತು.

"ಸಾಹೇಬ್ರೇ, ಪೈಪೂ ಬದಲಿಸಬೇಕು. ಹೋಸು ಬಿಚ್ಚೋಕೆ ನಟ್ಟು ತಿರುಗಿಸಿದ್ರೆ ಪೈಪೇ ಮುರೀತದೆ."

"ನನ್ನ ಕಾರಿಗೆ ತುಕ್ಕೇ? ಮುರಿದರೆ ಅದು ನಿನ್ನ ಒರಟು ಕೈಯ ತಪ್ಪು. ಊರಿಗೆಲ್ಲ ಸಾರಿ ನಿನ್ನ ಗ್ಯಾರೇಜು ಮುಚ್ಚಿಸ್ತೀನಿ!"

ವಿಠೋಬ ತಲೆ ಕೆರೆದುಕೊಂಡ. ಒಳಗೆ ಹೋಗಿ ಸ್ಪ್ಯಾನರನ್ನು ತೊಳೆದು, ಕುಂಕುಮ ಹಚ್ಚಿ, ದಾಸವಾಳದ ಜೊತೆ ತಟ್ಟೆಯಲ್ಲಿಟ್ಟು ತಂದ.

"ತಮ್ಮಂಥವರು ಎದುರಿಗಿರುವಾಗ ನಾನು ಕೈ ಹಾಕೋದೇ? ಮೊದಲ ನಟ್ಟು ತಮ್ಮ ಅಮೃತಹಸ್ತದಿಂದಲೇ ಆಗಲಿ."

ಸಾಹೇಬರು ಉಬ್ಬಿಹೋದರು. ಫೋಟೋ ತೆಗೆಯಲು ಪಕ್ಕದ ಚಹದಂಗಡಿಯವನನ್ನೂ ಕರೆಸಿದರು. ನಟ್ಟಿಗೆ ಸ್ಪ್ಯಾನರು ಸಿಕ್ಕಿಸಿ, ಫೋಟೋಕ್ಕೆ ನಕ್ಕು, ತಿರುಗಿಸಿದರು. ಲಟಕ್! ಪೈಪಿನ ತುಂಡು ಕೈಗೇ ಬಂತು. ಬ್ರೇಕ್ ಎಣ್ಣೆ ಬಿಳಿ ಪ್ಯಾಂಟಿಗೆ ಅಭಿಷೇಕ ಮಾಡಿತು.

"ಥೂ, ಇದು ಪೂರ್ತಿ ತುಕ್ಕು ಹಿಡಿದಿತ್ತಲ್ಲೋ!"

ವಿಠೋಬ ಜೋರಾಗಿ ಚಪ್ಪಾಳೆ ತಟ್ಟಿದ.

"ಇನ್ನೂ ಮೂರು ಚಕ್ರ ಉಳಿದಾವೆ, ಸಾಹೇಬ್ರೇ. ಅವನ್ನೂ ತಾವೇ ಉದ್ಘಾಟಿಸ್ತೀರೋ, ನಾನು ಪೈಪು ಬದಲಿಸಲೋ?"