ನೈದಿಲೆಯ ಗೆಡ್ಡೆ, ಮರಕುಟಿಗದ ಕೊಂಬೆ

“ಗುರುಗಳೇ, ಒಮ್ಮೆ ಒಣಗಿದ ಎದೆ ಮತ್ತೆ ಚಿಗುರುತ್ತದೆಯೇ?” ಎಂದು ಚೌಡಯ್ಯ ಕೇಳಿದ.

ಅವನ ಮಗಳು ತೀರಿಕೊಂಡು ವರ್ಷವಾಗಿತ್ತು. ಈಗ ತಂಗಿಯೂ ಹೋಗಿದ್ದಳು. ತಂಗಿಯ ಪುಟ್ಟ ಮಗಳನ್ನು ಮನೆಗೆ ತರೋಣವೆಂದು ಹೆಂಡತಿ ಹೇಳುತ್ತಿದ್ದಳು. ಚೌಡಯ್ಯನಿಗೆ ಧೈರ್ಯ ಸಾಲುತ್ತಿರಲಿಲ್ಲ. ಕೊಡಲು ತನ್ನಲ್ಲಿ ಪ್ರೀತಿಯೇ ಉಳಿದಿಲ್ಲವೆಂದು ಅವನು ನಂಬಿದ್ದ. ಇಂಥವನ ಬಳಿಗೆ ಮಗುವನ್ನು ಕರೆತರುವುದು ಮೋಸವೆನಿಸುತ್ತಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನ ಹೊಲದ ತಗ್ಗಿನಲ್ಲಿ ಒಂದು ಕೊಳವಿತ್ತು. ದಡದಲ್ಲಿ ಒಂದು ಮರವಿತ್ತು. ಒಂದು ಬೇಸಿಗೆಯಲ್ಲಿ ಕೊಳ ಬತ್ತಿ ಬಿರುಕು ಬಿಟ್ಟಿತು. ಮರದ ಕೊಂಬೆಯೊಂದು ಒಣಗಿತು. ಎರಡೂ ಸತ್ತವೆಂದು ರೈತ ತೀರ್ಮಾನಿಸಿದ. ಕೊಳವನ್ನು ಮುಚ್ಚಿ ಗದ್ದೆ ಮಾಡಲು, ಕೊಂಬೆಯನ್ನು ಸೌದೆಗೆ ಕಡಿಯಲು ಹೊರಟ.

ಕೊಳದಲ್ಲಿ ಗುದ್ದಲಿಗೆ ನೈದಿಲೆಯ ಗೆಡ್ಡೆ ಸಿಕ್ಕಿತು. ಸೀಳಿ ನೋಡಿದರೆ ಒಳಗೆ ಇನ್ನೂ ಹಸಿ. ಗುದ್ದಲಿ ಬಿಟ್ಟು, ಕೊಡಲಿ ಹಿಡಿದು ಮರ ಹತ್ತಿದ. ಒಣಕೊಂಬೆಯ ತೂತಿನಿಂದ ಗುಬ್ಬಿಯಷ್ಟೇ ಗಾತ್ರದ ಮರಕುಟಿಗವೊಂದು ಹೊರಬಿದ್ದು ಅವನ ತಲೆಯ ಸುತ್ತ ಕಿರುಚಾಡಿತು. ತೂತಿನೊಳಗೆ ಮರಿಗಳಿದ್ದವು.

ಬರಿಗೈಯಲ್ಲಿ ಬಂದವನನ್ನು ಕಂಡು ಹೆಂಡತಿ ನಕ್ಕಳು. “ಏನು ಯಜಮಾನರೇ, ಸೌದೆಯೆಲ್ಲಿ?”

“ಅಲ್ಲಿ ಯಾರೋ ಬಿಡಾರ ಹೂಡಿದ್ದಾರೆ ಕಣೇ. ಮನೆಯೊಡತಿ ಬೈದು ಅಟ್ಟಿದಳು.”

ಮಳೆ ಬಂತು. ಕೊಳ ತುಂಬಿ ನೈದಿಲೆ ಅರಳಿತು. ಕೊಂಬೆಯೂ ಚಿಗುರೀತೆಂದು ರೈತ ದಿನವೂ ತಲೆಯೆತ್ತಿ ನೋಡಿದ. ಚಿಗುರಲಿಲ್ಲ. ಮರುವರ್ಷವೂ ಚಿಗುರಲಿಲ್ಲ. ಹಕ್ಕಿ ಮಾತ್ರ ಅದೇ ಕೊಂಬೆಗೆ ಬಂದು, ಹಳೆಯ ತೂತಿನ ಪಕ್ಕದಲ್ಲಿ ಹೊಸದೊಂದನ್ನು ಕೊರೆಯಿತು.

“ಇಷ್ಟು ಹಸಿರು ಕೊಂಬೆಗಳಿರುವಾಗ ಇದಕ್ಕೆ ಆ ಸತ್ತದ್ದೇ ಬೇಕೇ?” ಎಂದ ರೈತ.

“ಅದರ ಕೊಕ್ಕು ನೋಡಿದಿರಾ? ಹಸಿಮರ ಕೊರೆಯಲು ಆ ಚೋಟುದ್ದದ ಜೀವಕ್ಕೆ ಆದೀತೇ? ಒಣಗಿ ಮೆತ್ತಗಾದದ್ದೇ ಅದಕ್ಕೆ ಮನೆ,” ಎಂದಳು ಹೆಂಡತಿ.

ಗುರುಗಳು ಕತೆ ನಿಲ್ಲಿಸಿದರು. ಚೌಡಯ್ಯ ಯೋಚಿಸಿದ. ಗೆಡ್ಡೆಯಾಗಿದ್ದರೆ ಕಾಯಬಹುದು. ಕೊಂಬೆಯಾಗಿದ್ದರೆ ಎಷ್ಟು ಕಾದರೇನು?

“ನಾನು ಆ ಗೆಡ್ಡೆಯೋ, ಆ ಕೊಂಬೆಯೋ? ಅದನ್ನಾದರೂ ಹೇಳಿಬಿಡಿ.”

“ನನಗೂ ತಿಳಿಯದು, ಚೌಡಯ್ಯ, ಆದರೆ ಆ ಮಗುವಿಗೆ ಬೇಕಾಗಿರುವುದು ನಿನ್ನ ಚಿಗುರಲ್ಲ, ಜಾಗ.”